ವರ್ಗಾವಣೆ ಕೌನ್ಸೆಲಿಂಗ್: ತುಮಕೂರು ಪೇಟೆ ಶಾಲೆಯೋ, ಹೋಬಳಿ ಕಡೆಯ ಹಳ್ಳಿ ಶಾಲೆಯೋ? ಆಯ್ಕೆಗೆ ಮುಂಚೆ ನೋಡಬೇಕಾದ ಲೆಕ್ಕ

ತುಮಕೂರು: ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ದಿನ ಪರದೆ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಬಂದಾಗ ಯೋಚನೆಗೆ ಸಿಗೋದು ಕೆಲವೇ ನಿಮಿಷ. ಶಾಲೆ ಆರಿಸಿಕೊಂಡ ಮೇಲೆ ‘ಇದು ಬೇಡ, ಪಕ್ಕದ್ದು ಕೊಡಿ’ ಅನ್ನೋ ಹಾಗಿಲ್ಲ. ಮುಂದಿನ ಅವಕಾಶ ಬರೋವರೆಗೆ ವರ್ಷಗಟ್ಟಲೆ ಅಲ್ಲೇ ಇರಬೇಕು. ಹಾಗಿದ್ದೂ ಎಷ್ಟೋ ಮಂದಿ ಊರಿನ ಹೆಸರು, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ ಅನ್ನೋದು, ಇವೆರಡನ್ನೇ ನೋಡಿ ಬಟನ್ ಒತ್ತುತ್ತಾರೆ.

ಹೊರ ಜಿಲ್ಲೆಯಿಂದ ತುಮಕೂರಿಗೆ ಬರುವವರು, ಜಿಲ್ಲೆಯೊಳಗೇ ಪೇಟೆಯಿಂದ ಹಳ್ಳಿಗೆ ಅಥವಾ ಹಳ್ಳಿಯಿಂದ ಪೇಟೆಗೆ ಜಾಗ ಬದಲಿಸಬೇಕು ಅಂದುಕೊಂಡವರು ಮೊದಲೇ ಕೂತು ಹಾಕಬೇಕಾದ ಲೆಕ್ಕಗಳು ಇಲ್ಲಿವೆ. ಮನೆ ಬಾಡಿಗೆಗೆ ಕೊಡುವವರಿಗೆ, ಅಂಗಡಿಯವರಿಗೆ, ಊರಿನ ಎಸ್‌ಡಿಎಂಸಿ ಸದಸ್ಯರಿಗೂ ಇದರಲ್ಲಿ ವಿಷಯ ಇದೆ.

ವಲಯ ಅಂದ್ರೆ ಏನು?

ರಾಜ್ಯದಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ಪ್ರತ್ಯೇಕ ಕಾಯ್ದೆ ಇದೆ. ಮೊದಲು 2007ರದ್ದು ಇತ್ತು, ಈಗ 2020ರದ್ದು. ಶಾಲೆಗಳನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದಾರೆ. ಸ್ಥೂಲವಾಗಿ ಹೇಳುವುದಾದರೆ ಪೇಟೆ-ಪಟ್ಟಣ ಎ, ಅದಕ್ಕೆ ಹತ್ತಿರದ ಊರುಗಳು ಬಿ, ದೂರದ ಹಳ್ಳಿಗಳು ಸಿ. ಹೊಸದಾಗಿ ನೇಮಕ ಆದವರಿಗೆ ಸಾಮಾನ್ಯವಾಗಿ ಹಳ್ಳಿ ಕಡೆ ಶಾಲೆಯೇ ಸಿಗುತ್ತದೆ.

ಪೇಟೆ ಶಾಲೆ ಸಿಕ್ಕರೆ ನಿವೃತ್ತಿವರೆಗೆ ಅಲ್ಲೇ ಅಂತ ತಿಳಿಯಬೇಡಿ. 2019ರ ಕಡ್ಡಾಯ ವರ್ಗಾವಣೆಯಲ್ಲಿ ಪೇಟೆಯಲ್ಲಿ ಬಹುಕಾಲ ಇದ್ದ ಎಷ್ಟೋ ಶಿಕ್ಷಕರು ಇದ್ದಕ್ಕಿದ್ದಂತೆ ದೂರದ ತಾಲ್ಲೂಕುಗಳಿಗೆ ಹೋಗಬೇಕಾಯಿತು. ದೊಡ್ಡ ಗಲಾಟೆಯೂ ಆಯಿತು. ಆಮೇಲೆ ನಿಯಮ ಬದಲಾದರೂ ಒಂದೇ ವಲಯದಲ್ಲಿ ಎಷ್ಟು ವರ್ಷ ಇದ್ದೀರಿ ಅನ್ನೋ ಲೆಕ್ಕವನ್ನು ಇಲಾಖೆ ಬಿಟ್ಟಿಲ್ಲ.

ಇನ್ನೊಂದು ಕೊಕ್ಕೆ ಇದೆ. ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ತಾಲ್ಲೂಕಿನಿಂದ ಹೊರಗೆ ಹೋಗಲು ಈ ಕಾಯ್ದೆಯಲ್ಲಿ ತಡೆ ಇದೆ. ಖಾಲಿ ಹುದ್ದೆ ಜಾಸ್ತಿ ಇರುವ ತಾಲ್ಲೂಕಿಗೆ ಬರುವುದು ಸಲೀಸು, ಅಲ್ಲಿಂದ ಎದ್ದು ಹೋಗುವುದು ಕಷ್ಟ. ‘ಸದ್ಯಕ್ಕೆ ಬಂದು ಎರಡು-ಮೂರು ವರ್ಷ ಬಿಟ್ಟು ಹೋಗೋಣ’ ಅನ್ನುವವರು ಆ ತಾಲ್ಲೂಕಿನ ಖಾಲಿ ಹುದ್ದೆ ಪ್ರಮಾಣವನ್ನು ಬಿಇಒ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು.

ಸೀನಿಯಾರಿಟಿ ಹೋದರೆ ವಾಪಸ್ ಬರಲ್ಲ

ಹೊರ ಜಿಲ್ಲೆಯಿಂದ ಬರುವವರಿಗೆ ಬಾಡಿಗೆ, ಬಸ್ಸಿಗಿಂತ ದೊಡ್ಡ ವಿಚಾರ ಇದು. ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆ ಮಟ್ಟದ್ದು, ಪ್ರೌಢಶಾಲಾ ಸಹ ಶಿಕ್ಷಕರದ್ದು ವಿಭಾಗ ಮಟ್ಟದ್ದು. ಸ್ವಂತ ಕೋರಿಕೆ ಮೇಲೆ ಆ ಘಟಕ ಬಿಟ್ಟು ಬಂದರೆ ಹೊಸ ಘಟಕದ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಹೆಸರು ಸೇರುತ್ತದೆ. ಸಂಬಳ ಕಡಿಮೆ ಆಗಲ್ಲ, ಹಿಂದಿನ ಸೇವೆ ಪಿಂಚಣಿ ಲೆಕ್ಕದಿಂದ ಹೋಗಲ್ಲ. ಹಿಂದಕ್ಕೆ ಬೀಳುವುದು ಬಡ್ತಿ.

ಚಿತ್ರದುರ್ಗದಿಂದ ಶಿರಾಕ್ಕೆ ಬರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು ಪ್ರಾಥಮಿಕ ಶಾಲೆ ಟೀಚರ್, ಇನ್ನೊಬ್ಬರು ಹೈಸ್ಕೂಲ್ ಮೇಷ್ಟ್ರು. ಜಿಲ್ಲೆ ಬದಲಾದ್ದರಿಂದ ಪ್ರಾಥಮಿಕ ಶಾಲೆಯವರು ಸೀನಿಯಾರಿಟಿ ಕಳೆದುಕೊಳ್ಳುತ್ತಾರೆ. ಚಿತ್ರದುರ್ಗ, ತುಮಕೂರು ಎರಡೂ ಬೆಂಗಳೂರು ವಿಭಾಗದಲ್ಲೇ ಇರುವುದರಿಂದ ಹೈಸ್ಕೂಲಿನವರಿಗೆ ಆ ನಷ್ಟ ಇಲ್ಲ. ಅದೇ ಹಾಸನದಿಂದ ತಿಪಟೂರಿಗೆ ಬಂದರೆ ಇಬ್ಬರಿಗೂ ಪೆಟ್ಟು, ಯಾಕಂದ್ರೆ ಹಾಸನ ಮೈಸೂರು ವಿಭಾಗ. ನಕ್ಷೆಯಲ್ಲಿ ಅರಸೀಕೆರೆ-ತಿಪಟೂರು ಪಕ್ಕಪಕ್ಕ ಇದ್ದರೂ ಕಡತದಲ್ಲಿ ಬಲು ದೂರ.

ಇಪ್ಪತ್ತು ವರ್ಷ ಸೇವೆ ಆಗಿ ಮುಖ್ಯ ಶಿಕ್ಷಕರ ಬಡ್ತಿ ಹತ್ತಿರ ಬಂದವರು ಇದನ್ನು ನೂರು ಸಲ ಯೋಚಿಸಬೇಕು. ಐದಾರು ವರ್ಷ ಆದವರಿಗೆ, ಗಂಡ ಒಂದೂರು ಹೆಂಡತಿ ಒಂದೂರು ಅಂತ ಸಂಸಾರ ನಡೆಸುತ್ತಿರುವವರಿಗೆ ಸೀನಿಯಾರಿಟಿ ಬಿಟ್ಟು ಬರುವುದೇ ಲಾಭ ಇರಬಹುದು. ಪತಿ-ಪತ್ನಿ ಪ್ರಕರಣ, ಗಂಭೀರ ಕಾಯಿಲೆ, ಅಂಗವಿಕಲತೆ ಮುಂತಾದವಕ್ಕೆ ಆದ್ಯತೆ ಇದೆ. ದಾಖಲೆ ಪಕ್ಕಾ ಇರಬೇಕು ಅಷ್ಟೇ. ಪರಸ್ಪರ ವರ್ಗಾವಣೆಗೂ ದಾರಿ ಇದೆ, ಆದರೆ ಅದೇ ಹುದ್ದೆ, ಅದೇ ವಿಷಯದ ಜೋಡಿ ಸಿಗೋದೇ ಕಷ್ಟ.

ನಮ್ಮ ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕಿನವರಿಗೆ ಡಿಡಿಪಿಐ ಕಚೇರಿ ಮಧುಗಿರಿಯಲ್ಲಿ. ಉಳಿದ ಆರು ತಾಲ್ಲೂಕಿಗೆ ತುಮಕೂರಿನಲ್ಲಿ. ಹೊರಗಿನಿಂದ ಬರುವವರು ಇದು ಗೊತ್ತಿಲ್ಲದೆ ಒಂದು ದಿನ ಹಾಳು ಮಾಡಿಕೊಳ್ಳುವುದುಂಟು.

ಎಚ್‌ಆರ್‌ಎ: ಪೇಟೆಗೆ ಬಂದರೆ ಜಾಸ್ತಿ ಅನ್ನೋದು ತಪ್ಪು ಕಲ್ಪನೆ

ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 20, ಶೇ 15, ಶೇ 7.5 ಅಂತ ಮೂರು ದರದಲ್ಲಿದೆ. ದರ ನಿಂತಿರುವುದು ಊರಿನ ಜನಸಂಖ್ಯೆ ಮೇಲೆ. 25 ಲಕ್ಷ ದಾಟಿದ ಬೆಂಗಳೂರಿಗೆ ಶೇ 20, 5 ಲಕ್ಷ ದಾಟಿದ ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ನಗರಗಳಿಗೆ ಶೇ 15. ಉಳಿದವರಿಗೆಲ್ಲ ಶೇ 7.5.

2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಹಾಗಾಗಿ ತುಮಕೂರಿನ ಪೇಟೆ ಶಾಲೆಯಲ್ಲಿದ್ದರೂ ಪಾವಗಡದ ಗಡಿ ಹಳ್ಳಿಯಲ್ಲಿದ್ದರೂ ಭತ್ಯೆ ಒಂದೇ. ಮೂಲ ವೇತನ 50,000 ರೂಪಾಯಿ ಇದ್ದರೆ ಕೈಗೆ ಬರುವುದು 3,750. ಅದೇ ವೇತನಕ್ಕೆ ಬೆಂಗಳೂರಲ್ಲಿ 10,000, ಮೈಸೂರಲ್ಲಿ 7,500. ಬೆಂಗಳೂರಿನಿಂದ ಇಲ್ಲಿಗೆ ಬರುವವರು ತಿಂಗಳಿಗೆ 6,250 ರೂಪಾಯಿ ಕಡಿಮೆ ಅಂತ ಲೆಕ್ಕ ಇಟ್ಟುಕೊಂಡೇ ಬರಬೇಕು. ಸ್ಮಾರ್ಟ್ ಸಿಟಿ ಆಯ್ತು, ಬೆಂಗಳೂರು ಪಕ್ಕದಲ್ಲೇ ಇದೆ ಅಂತ ತುಮಕೂರಿನ ಬಾಡಿಗೆ ಏರುತ್ತಿದ್ದರೂ ಭತ್ಯೆ ಮಾತ್ರ ಹೋಬಳಿ ಲೆಕ್ಕದಲ್ಲೇ ಉಳಿದಿದೆ.

ಮನೆ ಪೇಟೆಯಲ್ಲಿ ಮಾಡಿ ಹಳ್ಳಿ ಶಾಲೆಗೆ ದಿನಾ ಓಡಾಡುವವರೇ ಜಾಸ್ತಿ. ಅದರ ಖರ್ಚನ್ನೂ ನೋಡೋಣ. ಒಂದು ಕಡೆಗೆ 30 ಕಿ.ಮೀ. ಅಂದ್ರೆ ದಿನಕ್ಕೆ 60. ಬೈಕ್ ಲೀಟರ್‌ಗೆ 45 ಕೊಟ್ಟು, ಪೆಟ್ರೋಲ್ 100 ರೂಪಾಯಿ ಅಂತ ಇಟ್ಟುಕೊಂಡರೆ ದಿನಕ್ಕೆ 130ರ ಮೇಲೆ. ತಿಂಗಳಿಗೆ 22 ದಿನಕ್ಕೆ ಹತ್ತಿರ ಹತ್ತಿರ 3,000. ಟೈರು, ಸರ್ವೀಸು, ಮಳೆಯಲ್ಲಿ ನೆನೆದು ಬರುವ ಜ್ವರ ಬೇರೆ. ಶೇ 7.5ರ ಭತ್ಯೆ ಪೆಟ್ರೋಲ್‌ಗೇ ಸರಿಹೋಗುತ್ತದೆ.

ಮಹಿಳಾ ಶಿಕ್ಷಕರಿಗೆ ಈ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ನಮ್ಮ ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಆಧಾರ, ಅಲ್ಲಿ ಶಕ್ತಿ ನಡೆಯಲ್ಲ. ‘ಊರಿಗೆ ಬಸ್ ಇದೆ’ ಅಂತ ಯಾರಾದರೂ ಹೇಳಿದರೆ ಸರ್ಕಾರಿಯೋ ಖಾಸಗಿಯೋ, ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಮುಟ್ಟಿಸುತ್ತದೋ, ಶನಿವಾರ ಬೆಳಗಿನ ತರಗತಿಗೂ ಸಿಗುತ್ತದೋ, ಇಷ್ಟನ್ನೂ ಕೇಳಿ. ಗುಬ್ಬಿ, ತಿಪಟೂರು ಕಡೆಗೆ ಬೆಂಗಳೂರು-ಅರಸೀಕೆರೆ ಮಾರ್ಗದ ರೈಲು ಇದೆ, ಕುಣಿಗಲ್‌ಗೆ ಹಾಸನ ಮಾರ್ಗದ್ದು. ಮಧುಗಿರಿ, ಕೊರಟಗೆರೆ ಕಡೆ ಬಸ್ಸೇ ಗತಿ.

ಮಕ್ಕಳ ಸಂಖ್ಯೆ ನೋಡದೆ ಶಾಲೆ ಆರಿಸಬೇಡಿ

ಪೇಟೆ ಶಾಲೆ ಅಂದ್ರೆ ತುಂಬಿದ ತರಗತಿ, ಹಳ್ಳಿ ಶಾಲೆ ಅಂದ್ರೆ ಖಾಲಿ ಬೆಂಚು ಅಂತ ಅನೇಕರ ಮನಸ್ಸಲ್ಲಿದೆ. ಹಲವು ಕಡೆ ಇದು ತಿರುಗುಮುರುಗು. ಪೇಟೆಯಲ್ಲಿ ಬೀದಿಗೊಂದು ಕಾನ್ವೆಂಟ್ ಇರುವಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಬರುವುದು ಹೆಚ್ಚಾಗಿ ಕೂಲಿಗೆ ಬಂದ ಕುಟುಂಬಗಳ ಮಕ್ಕಳು. ಅಪ್ಪ-ಅಮ್ಮನ ಕೆಲಸ ಮುಗಿದರೆ ಮಗುವೂ ಊರು ಬಿಡುತ್ತದೆ. ಊರವರು ನಂಬಿಕೆ ಇಟ್ಟಿರುವ ಹೋಬಳಿ ಕೇಂದ್ರದ ಹಿರಿಯ ಪ್ರಾಥಮಿಕ ಶಾಲೆಗಳೂ, ಕರ್ನಾಟಕ ಪಬ್ಲಿಕ್ ಶಾಲೆಗಳೂ ಗಟ್ಟಿಯಾಗಿ ನಿಂತಿವೆ.

ಸಂಖ್ಯೆಗೆ ಇಷ್ಟು ಮಹತ್ವ ಯಾಕೆ ಅಂದ್ರೆ, ಶಿಕ್ಷಕರ ಹುದ್ದೆ ಅದರ ಮೇಲೇ ನಿಂತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 6ರಿಂದ 8ನೇ ತರಗತಿಗೆ 35 ಮಕ್ಕಳಿಗೆ ಕನಿಷ್ಠ ಒಬ್ಬರು. 63 ಮಕ್ಕಳಿರುವ ಶಾಲೆಗೆ ಮೂರನೇ ಶಿಕ್ಷಕರಾಗಿ ಹೋದಿರಿ ಅಂದುಕೊಳ್ಳಿ. ಮುಂದಿನ ಜೂನ್‌ನಲ್ಲಿ ಮೂರು ಮಕ್ಕಳು ಕಡಿಮೆಯಾದರೆ ಒಂದು ಹುದ್ದೆ ‘ಹೆಚ್ಚುವರಿ’. ಮರುಹೊಂದಾಣಿಕೆ ಅಂತ ಪಟ್ಟಿ ಬಂದು, ಅಷ್ಟು ಕಷ್ಟಪಟ್ಟು ಬಂದವರೇ ಮತ್ತೆ ಗಂಟುಮೂಟೆ ಕಟ್ಟಬೇಕಾಗಬಹುದು. ಪರದೆ ಮೇಲೆ ಕಾಣುವ ‘ಖಾಲಿ ಹುದ್ದೆ 1’ ಈ ಕಥೆ ಹೇಳಲ್ಲ. ಸ್ಯಾಟ್ಸ್‌ನಲ್ಲಿ ಕಳೆದ ಮೂರು ವರ್ಷದ ದಾಖಲಾತಿ ಎಷ್ಟಿತ್ತು ಅಂತ ಆ ಭಾಗದ ಸಿಆರ್‌ಪಿಯವರನ್ನು ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೆಲಸ ಎಲ್ಲಿ ಹೇಗೆ?

ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರೇ ಶಿಕ್ಷಕರು ಅಂದ್ರೆ ಒಬ್ಬರು ಮೀಟಿಂಗಿಗೆ ಹೋದ ದಿನ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ. ನಲಿ-ಕಲಿಯಲ್ಲಿ 1ರಿಂದ 3ನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ ಇಂಥ ಸಣ್ಣ ಶಾಲೆಗಳ ಕಷ್ಟದಿಂದಲೇ ಹುಟ್ಟಿದ್ದು. ಪೇಟೆಯಲ್ಲಿ ಒಂದೇ ವಿಷಯ ಪಾಠ ಮಾಡಿ ರೂಢಿಯಾದವರಿಗೆ ಮೊದಲ ಆರು ತಿಂಗಳು ಇದು ಒಗ್ಗಲ್ಲ. ಬಿಸಿಯೂಟ, ಹಾಲು, ಮೊಟ್ಟೆ ಲೆಕ್ಕ ಸಣ್ಣ ಶಾಲೆಗೂ ದೊಡ್ಡ ಶಾಲೆಗೂ ಒಂದೇ ರೀತಿ ಬರೆಯಬೇಕು. ದೊಡ್ಡ ಶಾಲೆಯಲ್ಲಿ ಹಂಚಿಕೊಳ್ಳಲು ಜನ ಇರುತ್ತಾರೆ, ಅಷ್ಟೇ ವ್ಯತ್ಯಾಸ.

ಹಳ್ಳಿ ಶಾಲೆಯ ಅನುಕೂಲವೂ ಸಣ್ಣದಲ್ಲ. ಮಗು ಎರಡು ದಿನ ಬರಲಿಲ್ಲ ಅಂದ್ರೆ ಮನೆ ಯಾವುದು ಅಂತ ಗೊತ್ತು, ಹೋಗಿ ಕರೆದುಕೊಂಡು ಬರಬಹುದು. ಕಾಂಪೌಂಡ್ ಬಿದ್ದರೆ ಎಸ್‌ಡಿಎಂಸಿಯವರು ಪಂಚಾಯ್ತಿಗೆ ಹೋಗಿ ಕೂರುತ್ತಾರೆ. ಅದೇ ಊರಲ್ಲಿ ಎರಡು ಬಣ ಇದ್ದರೆ ಎಸ್‌ಡಿಎಂಸಿ ಸಭೆಯೇ ತಲೆನೋವು. ಹಾಗಾಗಿ ಬಿಟ್ಟು ಹೋಗುತ್ತಿರುವ ಶಿಕ್ಷಕರಿಗೆ ಒಂದು ಫೋನ್ ಮಾಡಿ ಮಾತಾಡಿ. ಅವರು ಎಲ್ಲವನ್ನೂ ಬಿಡಿಸಿ ಹೇಳದಿದ್ದರೂ ದನಿಯಲ್ಲೇ ಅರ್ಧ ತಿಳಿಯುತ್ತದೆ.

ಪಾವಗಡಕ್ಕೆ ಬರುವವರಿಗೆ ಒಂದು ಮಾತು. ಬಹುಪಾಲು ಆಂಧ್ರದ ಗಡಿ ಸುತ್ತುವರಿದ ತಾಲ್ಲೂಕು ಅದು. ಎಷ್ಟೋ ಮಕ್ಕಳ ಮನೆಮಾತು ತೆಲುಗು. ಒಂದನೇ ತರಗತಿಗೆ ಬರುವ ಮಗು ಕನ್ನಡವನ್ನು ಹೊಸದಾಗಿ ಕಲಿಯಬೇಕು. ನಾಲ್ಕು ಮಾತು ತೆಲುಗು ಬರುವ ಶಿಕ್ಷಕರಿಗೆ ಮಕ್ಕಳು ವಾರದಲ್ಲೇ ಹತ್ತಿರವಾಗುತ್ತಾರೆ. ಕುಡಿಯುವ ನೀರಿನ ಫ್ಲೋರೈಡ್ ಸಮಸ್ಯೆಯೂ ಹಳೆಯದು. ಮನೆ ನೋಡುವಾಗ ನೀರು ಎಲ್ಲಿಂದ ಅಂತ ಮೊದಲು ಕೇಳಿ.

ಗಣತಿ, ಚುನಾವಣೆ ಕೆಲಸ ಎಲ್ಲಿದ್ದರೂ ತಪ್ಪಿದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆಯೇ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಶಿಕ್ಷಕರನ್ನು ಬಳಸಲು ಅವಕಾಶ ಕೊಟ್ಟಿದೆ. 2025ರ ಸೆಪ್ಟೆಂಬರ್-ಅಕ್ಟೋಬರ್ ಸಮೀಕ್ಷೆಗೆ ಮನೆಮನೆ ಸುತ್ತಿದವರೂ ಬಹುಪಾಲು ಶಿಕ್ಷಕರೇ.

ಊರವರು, ಮನೆ ಮಾಲೀಕರು, ಅಂಗಡಿಯವರು

ಇಬ್ಬರೇ ಇರುವ ಶಾಲೆಯಿಂದ ಒಬ್ಬರು ವರ್ಗವಾದರೆ ಊರವರು ಸುಮ್ಮನೆ ಕೂರಬಾರದು. ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಅಥವಾ ಪಕ್ಕದ ಶಾಲೆಯಿಂದ ನಿಯೋಜನೆ ಮೇಲೆ ಒಬ್ಬರನ್ನು ಕೊಡುವಂತೆ ಎಸ್‌ಡಿಎಂಸಿಯಿಂದ ಬಿಇಒ ಅವರಿಗೆ ಲಿಖಿತವಾಗಿ ಕೇಳಬೇಕು. ಬಾಯಿಮಾತಲ್ಲಿ ಹೇಳಿದ್ದು ಕಡತಕ್ಕೆ ಹೋಗಲ್ಲ. ಹೊಸದಾಗಿ ಬಂದವರಿಗೆ ಊರಲ್ಲಿ ಶೌಚಾಲಯ, ನೀರು ಇರುವ ಒಂದು ಬಾಡಿಗೆ ಮನೆ ತೋರಿಸಿದರೆ ಅವರು ಅಲ್ಲೇ ಉಳಿಯುವ ಸಂಭವ ಜಾಸ್ತಿ. ಅನೇಕ ಹಳ್ಳಿಗಳಲ್ಲಿ ಮೇಷ್ಟ್ರು ಊರಲ್ಲಿ ಇರಲ್ಲ ಅನ್ನೋ ದೂರು ಇದೆ, ಇರಲು ಮನೆ ಎಲ್ಲಿದೆ ಅಂತ ಕೇಳಿದರೆ ಉತ್ತರ ಇಲ್ಲ.

ಮನೆ ಕೊಡುವವರಿಗೆ ಒಂದು ವಿಷಯ ತಿಳಿದಿರಲಿ. ಹಳೆ ತೆರಿಗೆ ಪದ್ಧತಿಯಲ್ಲಿರುವ ಶಿಕ್ಷಕರು ಎಚ್‌ಆರ್‌ಎ ವಿನಾಯಿತಿಗೆ ಬಾಡಿಗೆ ರಸೀದಿ ಕೇಳುತ್ತಾರೆ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರ್ ಬೇಕು. ತಿಂಗಳಿಗೆ 8,400 ಅಂದ್ರೂ ವರ್ಷಕ್ಕೆ 1,00,800 ಆಗುತ್ತದೆ. ಕೊಡಲು ಆಗುತ್ತೋ ಇಲ್ಲವೋ ಅಂತ ಕರಾರು ಬರೆಯುವಾಗಲೇ ಮಾತಾಡಿಕೊಂಡರೆ ಆಮೇಲೆ ಮನಸ್ತಾಪ ಇರಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ.

ಕೋರಿಕೆ ವರ್ಗಾವಣೆಗೆ ಸಾಮಾನು ಸಾಗಿಸುವ ಭತ್ಯೆ ಸಿಗಲ್ಲ, ಲಾರಿ ಬಾಡಿಗೆ ಕೈಯಿಂದಲೇ. ಹೊಸ ಶಾಲೆಗೆ ಹಾಜರಾದ ಮೇಲೆ ಹಳೆ ಕಚೇರಿಯಿಂದ ಎಲ್‌ಪಿಸಿ, ಸೇವಾ ಪುಸ್ತಕ ಬಂದು, ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಈ ತಾಲ್ಲೂಕಿಗೆ ಸೇರುವವರೆಗೆ ಸಂಬಳ ತಡವಾಗಬಹುದು. ಬಿಡುಗಡೆ ಆದೇಶ ಕೈಗೆ ಬಂದ ದಿನವೇ ಎಲ್‌ಪಿಸಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಒಂದೆರಡು ತಿಂಗಳ ಖರ್ಚಿನ ದುಡ್ಡು ಪಕ್ಕಕ್ಕಿಟ್ಟೇ ಊರು ಬಿಡಿ. ಕಿರಾಣಿ ಅಂಗಡಿಯವರೂ ಅಷ್ಟೇ, ಹೊಸ ಮೇಷ್ಟ್ರ ಹೆಸರು ಸಾಲದ ಪುಸ್ತಕದಲ್ಲಿ ಎರಡು ತಿಂಗಳು ಹಾಗೇ ಇದ್ದರೆ ಗಾಬರಿಯಾಗಬೇಕಿಲ್ಲ. ಕಾಗದ ಬಂದರೆ ಬಾಕಿ ಸಂಬಳ ಒಟ್ಟಿಗೇ ಬರುತ್ತದೆ.