ಮೊಟ್ಟೆಯ ಜಗಳ ಮತ್ತು ಬೈಟುಗಳ ಸಾಲು

ಕನ್ನಡದಲ್ಲಿ ನಾವು ‘ಇಪ್ಪತ್ತೈದು’ ಎನ್ನುತ್ತೇವೆ. ಮೊದಲು ಇಪ್ಪತ್ತು, ಆಮೇಲೆ ಐದು. ಮುಂಬಯಿ, ಪುಣೆಗಳಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಅದನ್ನೇ ‘ಪಂಚವೀಸ್’ ಎಂದು ಕಲಿಯುತ್ತಾರೆ; ದಿಲ್ಲಿಯ ಮಕ್ಕಳು ‘ಪಚ್ಚೀಸ್’ ಎನ್ನುತ್ತಾರೆ. ಅಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ನಮ್ಮ ನಾಡಿನ ಹಳೆಯ ಶಾಸನ, ಕಾವ್ಯಗಳಲ್ಲಿ ಶಕವರ್ಷವನ್ನು ಪದಗಳಿಂದ ಸೂಚಿಸುವ ಭೂತಸಂಖ್ಯೆಯ ಕ್ರಮವೂ ಹೀಗೆಯೇ, ಬಿಡಿಸ್ಥಾನ ಮೊದಲು. ಆ ಕ್ರಮದಲ್ಲಿ ‘ನೇತ್ರ-ವೇದ’ ಎಂದರೆ ಇಪ್ಪತ್ತನಾಲ್ಕಲ್ಲ, ನಲವತ್ತೆರಡು. ಇವುಗಳಲ್ಲಿ ಯಾವ ಪದ್ಧತಿಯೂ ತಪ್ಪಲ್ಲ. ಆದರೆ ಹೇಳುವವನು ಒಂದು ಪದ್ಧತಿಯಲ್ಲಿ ಹೇಳಿ, ಕೇಳುವವನು ಇನ್ನೊಂದರಲ್ಲಿ ಬರೆದುಕೊಂಡರೆ ಲೆಕ್ಕ ಕೆಟ್ಟಿತೆಂದೇ ಅರ್ಥ.

ಕಂಪ್ಯೂಟರುಗಳ ಲೋಕದಲ್ಲಿ ಇದೇ ಜಗಳ ದಶಕಗಳ ಕಾಲ ನಡೆಯಿತು. ಅದರ ಚರಿತ್ರೆ ಸ್ವಾರಸ್ಯಕರವಾದದ್ದು. ವಿಜ್ಞಾನದ ಪದವಿ ಪಡೆದು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಕಟ್ಟುವ ನಮ್ಮಂಥವರಿಗಂತೂ ಅದು ತೀರ ಪರಿಚಿತ ವಿಷಯದಂತೆ ಕಾಣುತ್ತದೆ. ಏಕೆಂದರೆ ಇದು ಮೂಲತಃ ದಾಖಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಪ್ರಶ್ನೆ.

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಕಂಪ್ಯೂಟರಿನ ಸ್ಮರಣಕೋಶವೆಂದರೆ ಸಾಲಾಗಿ ಜೋಡಿಸಿದ ಸಣ್ಣ ಗೂಡುಗಳು. ಒಂದೊಂದು ಗೂಡಿಗೆ ಬೈಟ್ ಎಂದು ಹೆಸರು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆಗೆ ಎರಡು ಅಥವಾ ನಾಲ್ಕು ಗೂಡುಗಳು ಬೇಕು. ಕರ್ನಾಟಕ ಏಕೀಕರಣವಾದ 1956ನೆಯ ಇಸವಿಯನ್ನೇ ತೆಗೆದುಕೊಳ್ಳೋಣ. 256ರ ಏಳು ಪಾಲು 1792, ಉಳಿದದ್ದು 164. ಆದ್ದರಿಂದ 1956 ಎಂದರೆ 7 ಮತ್ತು 164 ಎಂಬ ಎರಡು ಬೈಟುಗಳು. ಯಾವುದನ್ನು ಮೊದಲನೆಯ ಗೂಡಿನಲ್ಲಿ ಇಡಬೇಕು? 7 ಮೊದಲು ಎಂದರೆ ಕನ್ನಡದ ಕ್ರಮ. 164 ಮೊದಲು ಎಂದರೆ ಮರಾಠಿಯ ಕ್ರಮ. ಒಂದು ಯಂತ್ರ ಬರೆದದ್ದನ್ನು ಇನ್ನೊಂದು ಯಂತ್ರ ತಿರುವಿ ಓದಿತೆನ್ನಿ, 1956 ಹೋಗಿ 41991 ಆಗುತ್ತದೆ!

ಐ.ಬಿ.ಎಂ. ಕಂಪನಿ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ಯಂತ್ರಗಳು ದೊಡ್ಡದನ್ನು ಮುಂದೆ ಇಟ್ಟವು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ 1970ರ ಪಿಡಿಪಿ-11 ಯಂತ್ರ ಚಿಕ್ಕದನ್ನು ಮುಂದೆ ಇಟ್ಟಿತು. ಇಂಟೆಲ್ ಚಿಕ್ಕದರ ಪಕ್ಷ ಹಿಡಿದರೆ, ಮೋಟೊರೋಲದವರ 68000 ದೊಡ್ಡದರ ಪಕ್ಷ ಹಿಡಿಯಿತು. ಯಂತ್ರಗಳು ತಮ್ಮ ತಮ್ಮ ಕೋಣೆಯಲ್ಲಿ ಒಂಟಿಯಾಗಿ ಕೂತಿದ್ದಷ್ಟು ದಿನ ಯಾರಿಗೂ ತೊಂದರೆಯಾಗಲಿಲ್ಲ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು 1972ರ ಸುಮಾರಿಗೆ ‘ಸಿ’ ಎಂಬ ಭಾಷೆಯನ್ನು ರೂಪಿಸಿದರು. ಯುನಿಕ್ಸ್ ಎಂಬ ನಿರ್ವಹಣಾ ವ್ಯವಸ್ಥೆಯನ್ನು 1973ರಲ್ಲಿ ಅದೇ ಭಾಷೆಯಲ್ಲಿ ಹೊಸದಾಗಿ ಬರೆದರು. ಸಿ ಭಾಷೆಯಲ್ಲಿ ‘ಸ್ಟ್ರಕ್ಟ್’ ಎಂಬುದೊಂದು ಇದೆ. ನಮ್ಮ ಕಚೇರಿಯ ನಮೂನೆಯ ಹಾಗೆಯೇ ಅದು: ಹೆಸರು, ಹುಟ್ಟಿದ ದಿನ, ವೇತನ ಎಂಬ ಬೇರೆ ಬೇರೆ ಕಲಮುಗಳನ್ನು ಒಂದೇ ಹಾಳೆಯಲ್ಲಿ ಕಟ್ಟಿಡುವ ಸಾಧನ. ಬರೆಯುವವರಿಗೆ ಅದು ಬಲು ಅನುಕೂಲ. ಆ ನಮೂನೆ ಸ್ಮರಣಕೋಶದಲ್ಲಿ ಹೇಗಿದೆಯೋ ಹಾಗೆಯೇ ಬೈಟುಗಳನ್ನು ಎತ್ತಿ ತಟ್ಟೆಗೋ ತಂತಿಗೋ ಹಾಕಿಬಿಡಲು ಸಿ ಅಡ್ಡಿ ಮಾಡುವುದಿಲ್ಲ. ಒಂದೇ ಸಾಲಿನ ಕೆಲಸ. ತೊಡಕು ಹುಟ್ಟಿದ್ದೇ ಈ ಅನುಕೂಲದಿಂದ.

ತೊಡಕುಗಳು ನಾಲ್ಕು. ಮೊದಲನೆಯದು ಮೇಲೆ ಹೇಳಿದ ಕ್ರಮದ ಭೇದ. ಎರಡನೆಯದು ಅಳತೆಯ ಭೇದ. ಕರ್ನಿಹಾನ್ ಮತ್ತು ರಿಚಿ ಅವರು 1978ರಲ್ಲಿ ಹೊರತಂದ ಸಿ ಭಾಷೆಯ ಪುಸ್ತಕದಲ್ಲೇ ಇದರ ಪಟ್ಟಿಯಿತ್ತು: ಪಿಡಿಪಿ-11ರಲ್ಲಿ ಒಂದು ಪೂರ್ಣಾಂಕಕ್ಕೆ 16 ಬಿಟ್, ಐ.ಬಿ.ಎಂ. 370ರಲ್ಲಿ 32, ಹನಿವೆಲ್ 6000ದಲ್ಲಿ 36. ಮೂರನೆಯದು ಖಾಲಿ ಗೂಡುಗಳು. ಒಂದು ಬೈಟಿನ ಅಕ್ಷರದ ಹಿಂದೆಯೇ ನಾಲ್ಕು ಬೈಟಿನ ಸಂಖ್ಯೆಯಿದ್ದರೆ, ಯಂತ್ರಕ್ಕೆ ಸಲೀಸಾಗಲೆಂದು ಭಾಷಾಂತರಕಾರ ತಂತ್ರಾಂಶ ನಡುವೆ ಮೂರು ಗೂಡು ಖಾಲಿ ಬಿಡುವುದುಂಟು. ಐದು ಬೈಟಿನ ನಮೂನೆ ಎಂಟು ಬೈಟು ಹಿಡಿಯುತ್ತದೆ. ಇನ್ನೊಂದು ಯಂತ್ರ ಬೇರೆ ರೀತಿಯಲ್ಲಿ ಬಿಟ್ಟೀತು.

ನಾಲ್ಕನೆಯದು ಪಾಯಿಂಟರ್. ಹೆಸರನ್ನೇ ಬರೆಯುವ ಬದಲು ‘ಹೆಸರು ಇಂಥ ಗೂಡಿನಲ್ಲಿದೆ’ ಎಂದು ಬರೆದಿಡುವ ಪದ್ಧತಿ ಇದು. ಊರು ಬಿಟ್ಟು ಬಂದ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಕೆರೆ ಏರಿ ಇಳಿದ ಮೇಲೆ ಎಡಕ್ಕೆ ಮೂರನೆಯ ಮನೆ’ ಎಂಬ ಗುರುತು ಊರಿನಲ್ಲಿ ಸರಿಯಾದೀತು; ಅದನ್ನು ಹಿಡಿದುಕೊಂಡು ದಾದರಿನಲ್ಲಿ ಮನೆ ಹುಡುಕಿದರೆ ಸಿಕ್ಕೀತೇ? ಹಾಗೆಯೇ ಒಂದು ಯಂತ್ರದ ಗೂಡಿನ ನಂಬರು ಇನ್ನೊಂದಕ್ಕೆ ಅರ್ಥಹೀನ. ಗುರುತು ಕಳಿಸಿ ಪ್ರಯೋಜನವಿಲ್ಲ. ಸಾಮಾನನ್ನೇ ಕಟ್ಟಿ ಕಳಿಸಬೇಕು.

ಹೀಗೆ ಕಲಮುಗಳನ್ನು ಬಿಡಿಸಿ, ಒಪ್ಪಿದ ಕ್ರಮದಲ್ಲಿ ಬೈಟುಗಳಾಗಿ ಒಂದು ಪೆಟ್ಟಿಗೆಯೊಳಗೆ ಜೋಡಿಸುವ ಕೆಲಸಕ್ಕೆ ಸೀರಿಯಲೈಸೇಷನ್ ಎನ್ನುತ್ತಾರೆ. ನಾವು ಸಾಲುಗಟ್ಟುವುದು ಎನ್ನಬಹುದು. ಪೆಟ್ಟಿಗೆಗೆ ಬಫರ್ ಎಂದು ಹೆಸರು. ಇನ್ನೊಂದು ಕಡೆ ಬಿಚ್ಚಿ ಮತ್ತೆ ನಮೂನೆ ತುಂಬುವುದು ಅದರ ವಿಲೋಮ ಕ್ರಿಯೆ.

ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಮತ್ತು ರಿಚಿ ಅವರು 1977-78ರಲ್ಲಿ ಯುನಿಕ್ಸನ್ನು ಪಿಡಿಪಿ-11ರಿಂದ ಇಂಟರ್‌ಡೇಟಾ 8/32 ಎಂಬ ಬೇರೆ ಜಾತಿಯ ಯಂತ್ರಕ್ಕೆ ಸಾಗಿಸಿದರು. ಇಂಥ ಸಾಗಾಟಗಳ ಕಾಲದಲ್ಲಿ ಒಂದು ನಗೆಮಾತು ಹುಟ್ಟಿತು. ಎರಡೆರಡು ಅಕ್ಷರಗಳ ಜೋಡಿ ತಿರುಗುಮುರುಗಾದರೆ ‘ಯುಎನ್‌ಐಎಕ್ಸ್’ ಎಂಬುದು ‘ಎನ್‌ಯುಎಕ್ಸ್‌ಐ’ ಆಗುತ್ತದೆ. ‘ನಕ್ಸಿ ಸಮಸ್ಯೆ’ ಎಂಬ ಹೆಸರೇ ಅದಕ್ಕೆ ಅಂಟಿಕೊಂಡಿತು.

ಈ ಹೊತ್ತಿಗೆ ದೂರದೂರದ ಯಂತ್ರಗಳನ್ನು ತಂತಿಯಿಂದ ಜೋಡಿಸುವ ಜಾಲಗಳು ಬೆಳೆಯುತ್ತಿದ್ದವು. ವಾದ ವಿಕೋಪಕ್ಕೆ ಹೋಯಿತು. ಆಗ ಕ್ಯಾಲಿಫೋರ್ನಿಯದ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರ ಏಪ್ರಿಲ್ 1ನೆಯ ತಾರೀಖು, ಅಂದರೆ ಮೂರ್ಖರ ದಿನವೇ, ಒಂದು ಟಿಪ್ಪಣಿ ಬರೆದರು. ಧರ್ಮಯುದ್ಧಗಳನ್ನು ಕುರಿತು ಶಾಂತಿಗಾಗಿ ಒಂದು ಬಿನ್ನಹ ಎಂಬುದು ಅದರ ಶೀರ್ಷಿಕೆಯ ಭಾವ. ಅವರು ನೆನಪಿಸಿದ್ದು ಜಾನಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸದ ಕಥೆಯನ್ನು. ಲಿಲಿಪುಟ್ ದೇಶದಲ್ಲಿ ಬೇಯಿಸಿದ ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯುವುದು ಹಿಂದಿನ ರೂಢಿ. ಒಬ್ಬ ರಾಜಕುಮಾರ ಹಾಗೆ ಒಡೆಯಲು ಹೋಗಿ ಬೆರಳು ಕುಯ್ದುಕೊಂಡನೆಂದು, ಎಲ್ಲರೂ ಚಿಕ್ಕ ತುದಿಯಿಂದಲೇ ಒಡೆಯತಕ್ಕದ್ದೆಂದು ಅವನ ತಂದೆ ರಾಜಾಜ್ಞೆ ಹೊರಡಿಸಿದ. ದಂಗೆಗಳಾದವು. ಚಿಕ್ಕ ತುದಿಗೆ ಒಪ್ಪದೆ ಹನ್ನೊಂದು ಸಾವಿರ ಜನ ಪ್ರಾಣ ಕೊಟ್ಟರು. ನೆರೆಯ ಬ್ಲೆಫುಸ್ಕು ದೇಶದೊಡನೆ ಯುದ್ಧವೂ ನಡೆಯಿತು.

ಸ್ವಿಫ್ಟನ ಪದಗಳನ್ನೇ ಎತ್ತಿಕೊಂಡು ಕೋಹೆನ್ ಎರಡು ಪಕ್ಷಗಳಿಗೆ ‘ಬಿಗ್ ಎಂಡಿಯನ್’, ‘ಲಿಟ್ಲ್ ಎಂಡಿಯನ್’ ಎಂದು ನಾಮಕರಣ ಮಾಡಿದರು. ದೊಡ್ಡ ತುದಿಯವರು, ಚಿಕ್ಕ ತುದಿಯವರು. ತಮಾಷೆಯ ಹಿಂದೆ ಗಟ್ಟಿಯಾದ ತಿರುಳಿತ್ತು. ಯಾವ ಕ್ರಮ ಮೇಲು ಎಂಬುದು ಮುಖ್ಯವಲ್ಲ, ಒಂದು ಕ್ರಮಕ್ಕೆ ಎಲ್ಲರೂ ಒಪ್ಪುವುದು ಮುಖ್ಯ ಎಂಬುದೇ ಅವರ ವಾದ. ಟಿಪ್ಪಣಿಯ ಹೆಸರುಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿ ನಿಂತಿವೆ.

ಒಪ್ಪಂದವೂ ಆಯಿತು. ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ 1981ರ ಸೆಪ್ಟೆಂಬರಿನಲ್ಲಿ ಹೊರಬಂದ ಇಂಟರ್‌ನೆಟ್ ನಿಯಮಾವಳಿ, ತಂತಿಯ ಮೇಲೆ ದೊಡ್ಡ ತುದಿಯೇ ಮುಂದೆ ಎಂದು ಗೊತ್ತುಮಾಡಿತು. ಬರ್ಕ್‌ಲಿ ವಿಶ್ವವಿದ್ಯಾಲಯ 1983ರಲ್ಲಿ ಕೊಟ್ಟ ಯುನಿಕ್ಸಿನಲ್ಲಿ, ಮನೆಯ ಕ್ರಮದಿಂದ ಜಾಲದ ಕ್ರಮಕ್ಕೆ, ಜಾಲದ ಕ್ರಮದಿಂದ ಮನೆಯ ಕ್ರಮಕ್ಕೆ ಸಂಖ್ಯೆಯನ್ನು ತಿರುಗಿಸುವ ಪುಟ್ಟ ಸಾಧನಗಳಿದ್ದವು. ಮನೆಯಲ್ಲಿ ಯಾವ ಭಾಷೆಯಾದರೂ ಆಡಿ, ಬೀದಿಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ಆಡಿ ಎಂಬ ಏರ್ಪಾಡು. ಹೊರನಾಡಿನಲ್ಲಿರುವ ನಾವು ದಿನವೂ ಮಾಡುವುದು ಇದನ್ನೇ ಅಲ್ಲವೇ? ಇಂದು ಮೇಜಿನ ಮೇಲಿನ ಕಂಪ್ಯೂಟರುಗಳೂ ಕೈಯಲ್ಲಿನ ಮೊಬೈಲುಗಳೂ ಬಹುಮಟ್ಟಿಗೆ ಚಿಕ್ಕ ತುದಿಯವೇ ಆಗಿವೆ. ಆದರೂ ತಂತಿಯ ನಿಯಮ ಬದಲಾಗಿಲ್ಲ.

ಸಂಖ್ಯೆಯ ಕ್ರಮ ಗೊತ್ತಾದರೆ ಸಾಲದು, ಇಡೀ ನಮೂನೆಗೆ ನಿಯಮ ಬೇಕು. ಇಲ್ಲಿ ಎರಡು ದಾರಿಗಳಾದವು. ಸನ್ ಕಂಪನಿಯವರು ರೂಪಿಸಿ 1987ರಲ್ಲಿ ಇಂಟರ್‌ನೆಟ್ ದಾಖಲೆಯಾಗಿ ಪ್ರಕಟವಾದ ಎಕ್ಸ್‌ಡಿಆರ್ ಪದ್ಧತಿಯಲ್ಲಿ ಎಲ್ಲವೂ ನಾಲ್ಕು ಬೈಟುಗಳ ಗುಣಕ; ಅಕ್ಷರಮಾಲೆಯಾದರೆ ಮೊದಲು ಉದ್ದ, ಆಮೇಲೆ ಅಕ್ಷರಗಳು, ಕೊನೆಗೆ ತುಂಬಿಸಲು ಸೊನ್ನೆಗಳು. ಕಲಮಿನ ಹೆಸರು ಕಳಿಸುವುದಿಲ್ಲ. ನಮೂನೆ ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಅಂತರರಾಷ್ಟ್ರೀಯ ದೂರವಾಣಿ ಸಮಿತಿ 1984ರಲ್ಲಿ ಅಂಗೀಕರಿಸಿದ ಇನ್ನೊಂದು ದಾರಿಯಲ್ಲಿ, ಪ್ರತಿ ಕಲಮಿನ ಮುಂದೆ ಇದು ಯಾವ ಬಗೆ, ಎಷ್ಟು ಉದ್ದ ಎಂಬ ಚೀಟಿ ಇರುತ್ತದೆ. ಎಎಸ್‌ಎನ್.1 ಎಂದು ಹೆಸರಾದ ಈ ಪದ್ಧತಿಯಲ್ಲೇ ಇಂದಿಗೂ ಬ್ಯಾಂಕಿನ ಜಾಲತಾಣದ ಭದ್ರತಾ ಪ್ರಮಾಣಪತ್ರಗಳು ಕಟ್ಟಿ ಬರುತ್ತವೆ. ಗೂಗಲ್ ಕಂಪನಿ 2008ರಲ್ಲಿ ಸಾರ್ವಜನಿಕಗೊಳಿಸಿದ ಪ್ರೋಟೋಕಾಲ್ ಬಫರ್ಸ್ ಇವೆರಡರ ನಡುವಿನ ಹಾದಿ: ಪ್ರತಿ ಕಲಮಿಗೂ ಒಂದು ನಂಬರು, ಹಳೆಯ ತಂತ್ರಾಂಶ ತನಗೆ ತಿಳಿಯದ ಹೊಸ ನಂಬರನ್ನು ದಾಟಿ ಮುಂದೆ ಓದುತ್ತದೆ.

ನಮ್ಮ ಅಕ್ಷರಗಳಿಗೂ ಈ ಚರಿತ್ರೆ ತಟ್ಟಿದೆ. ಯೂನಿಕೋಡಿನಲ್ಲಿ ‘ಕ’ ಅಕ್ಷರದ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಬರೆದರೆ 12 ಮತ್ತು 149. ತಿರುವಿ ಓದಿದರೆ ಅದು ಚೀನೀ ಲಿಪಿಯ ಒಂದು ಅಕ್ಷರದ ಸ್ಥಾನ! ಅದಕ್ಕೇ ಕಡತದ ಆರಂಭದಲ್ಲಿ ಕ್ರಮ ಸೂಚಿಸುವ ಗುರುತೊಂದನ್ನು ಇಡುವ ರೂಢಿ ಬಂತು. ಯುನಿಕ್ಸಿನ ಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರು ರಾಬ್ ಪೈಕ್ ಅವರೊಡನೆ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಯುಟಿಎಫ್-8 ಎಂಬ ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಬೈಟುಗಳ ಕ್ರಮ ಒಂದೇ; ತುದಿಯ ಜಗಳವೇ ಇಲ್ಲ. ‘ಕ’ ಎಂದರೆ ಯಾವ ಯಂತ್ರದಲ್ಲೂ 224, 178, 149. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡಕ್ಕೆ ಮೂರು. ಜಾಗ ಹೆಚ್ಚಾಯಿತು, ನಿಜ. ಆದರೆ ಧಾರವಾಡದಿಂದ ಹೊರಟ ಓಲೆ ದಿಲ್ಲಿಯಲ್ಲಿ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ.

ಕಟ್ಟುವುದಕ್ಕಿಂತ ಬಿಚ್ಚುವುದರಲ್ಲಿ ಅಪಾಯ ಹೆಚ್ಚು. ಕಚೇರಿಗೆ ಬಂದ ಪತ್ರದ ಕೆಳಗೆ ‘ಅಡಕ: 5’ ಎಂದಿದ್ದರೆ, ಟಪಾಲು ಗುಮಾಸ್ತ ಮೊದಲು ಮಾಡುವ ಕೆಲಸ ಅಡಕಗಳನ್ನು ಎಣಿಸುವುದು. ಓಪನ್‌ಎಸ್‌ಎಸ್‌ಎಲ್ ಎಂಬ, ಸಿ ಭಾಷೆಯಲ್ಲಿ ಬರೆದ, ಜಗತ್ತಿನ ಅಸಂಖ್ಯ ಜಾಲತಾಣಗಳು ನಂಬಿದ್ದ ತಂತ್ರಾಂಶ 2012ರಲ್ಲಿ ಹೊರಬಂದ ಒಂದು ಆವೃತ್ತಿಯಲ್ಲಿ ಆ ಎಣಿಕೆ ಮಾಡಲಿಲ್ಲ. ‘ನೀನು ಇದ್ದೀಯಾ? ಈ ಮಾತನ್ನು ನನಗೆ ತಿರುಗಿ ಹೇಳು’ ಎಂಬ ಸಣ್ಣ ಸಂದೇಶವೊಂದು ಅದರ ನಿಯಮದಲ್ಲಿತ್ತು. ಸಂದೇಶದಲ್ಲಿ ಮಾತಿನ ಉದ್ದವನ್ನು ಕಳಿಸುವವನೇ ಬರೆಯಬೇಕು. ಒಂದೇ ಬೈಟು ಕಳಿಸಿ ‘ಉದ್ದ 65,535’ ಎಂದು ಬರೆದರೆ, ತಂತ್ರಾಂಶ ಅದನ್ನು ನಂಬಿ, ಬಫರಿನಾಚೆಗಿನ ಗೂಡುಗಳನ್ನೂ ಎತ್ತಿ ಕೊಟ್ಟುಬಿಡುತ್ತಿತ್ತು. ಆ ಗೂಡುಗಳಲ್ಲಿ ಇತರರ ಗುಪ್ತಪದಗಳೂ ಬೀಗದ ಕೈಗಳೂ ಇರಬಹುದಾಗಿತ್ತು. 2014ರ ಏಪ್ರಿಲ್ 7ರಂದು ಬಯಲಾದ ಈ ದೋಷಕ್ಕೆ ‘ಹಾರ್ಟ್‌ಬ್ಲೀಡ್’ ಎಂದು ಹೆಸರಾಯಿತು. ಪರಿಹಾರವೋ, ಕೆಲವೇ ಸಾಲುಗಳದು: ಹೇಳಿದ ಉದ್ದ ಬಂದ ಉದ್ದಕ್ಕಿಂತ ಹೆಚ್ಚಾಗಿದ್ದರೆ ಸಂದೇಶವನ್ನು ಎಸೆದುಬಿಡು. ಟಪಾಲು ಗುಮಾಸ್ತನ ನಿತ್ಯದ ಬುದ್ಧಿ ಅಷ್ಟೆ.

ಇನ್ನೊಂದು ಗಡುವು ಮುಂದೆಯೇ ಇದೆ. ಯುನಿಕ್ಸ್ ಪರಂಪರೆಯಲ್ಲಿ ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತಾರೆ. ಅದನ್ನು 32 ಬಿಟ್ಟಿನ ಕಲಮಿನಲ್ಲಿ ಬರೆದ ಕಡೆ, 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಕಲಮು ತುಂಬಿಹೋಗುತ್ತದೆ. ಮರುಸೆಕೆಂಡಿಗೆ ಲೆಕ್ಕ 1901ರ ಡಿಸೆಂಬರಿಗೆ ಜಾರುತ್ತದೆ. ಹೊಸ ಯಂತ್ರಗಳು 64 ಬಿಟ್ ಬಳಸುತ್ತವೆ. ಆದರೆ ಯಂತ್ರ ಬದಲಿಸಿದ ಮಾತ್ರಕ್ಕೆ, ಹಳೆಯ ನಮೂನೆಯಲ್ಲಿ ಸಾಲುಗಟ್ಟಿ ಇಟ್ಟ ಕಡತಗಳ ಕಲಮು ತಾನಾಗಿ ಅಗಲವಾಗುವುದಿಲ್ಲ. ನಲವತ್ತು ದಾಟಿದ ನಮ್ಮಂಥವರ ನಿವೃತ್ತಿಯೂ ಆ ವರ್ಷದ ಆಸುಪಾಸಿನಲ್ಲೇ ಬೀಳುತ್ತದೆ ಎಂಬುದನ್ನು ನೆನೆದರೆ ಇದು ಕೇವಲ ಯಂತ್ರಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ.

ಹಳೆಯ ಕಾಗದದ ಕಡತವನ್ನು ಐವತ್ತು ವರ್ಷದ ಮೇಲೂ ಓದಬಹುದು. ಕಲಮಿನ ಹೆಸರು ಹಾಳೆಯ ಮೇಲೆಯೇ ಇರುತ್ತದೆ. ಬೈಟುಗಳ ಸಾಲಿಗೆ ಆ ಭಾಗ್ಯವಿಲ್ಲ. ಅದನ್ನು ಬರೆದ ನಿಯಮವನ್ನೂ ಯಾರಾದರೂ ಬರೆದಿಟ್ಟಿರಬೇಕು. ಇಂದು ನಮ್ಮ ಮಕ್ಕಳಲ್ಲಿ ಅನೇಕರು ಇದೇ ಕಸುಬಿನಲ್ಲಿದ್ದಾರೆ. ಅವರು ಕಟ್ಟುವ ಪ್ರತಿಯೊಂದು ಪೆಟ್ಟಿಗೆಯ ಜೊತೆಗೆ ಯಾವ ತುದಿ ಮುಂದೆ, ಯಾವ ಕಲಮು ಎಷ್ಟು ಅಗಲ ಎಂಬ ಒಂದು ಚೀಟಿಯನ್ನೂ ಬರೆದಿಡಲಿ. ಬಿಚ್ಚುವವರು ಬೇರೆ ಊರಿನವರು, ಬೇರೆ ಕಾಲದವರು ಆಗಿರುತ್ತಾರೆ.