ಹಗುರ ಗುಂಡು (ಬೇಟೆ ರೈಫಲಿನಲ್ಲಿ)

ಬೇಟೆ ರೈಫಲಿಗೆ ವಾಡಿಕೆಗಿಂತ ಕಡಿಮೆ ತೂಕದ ಗುಂಡು ಹಾಕಿ, ಅದನ್ನು ಹೆಚ್ಚು ವೇಗದಿಂದ ಹಾರಿಸುವ ಪದ್ಧತಿ. 19ನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು, ಹೊಗೆಯಿಲ್ಲದ ಮದ್ದು ಬಂದ ಮೇಲೆ ಬಲಿತಿತು, 1910ರಿಂದ 1940ರ ನಡುವೆ ಅಮೆರಿಕದಲ್ಲಿ ತುತ್ತತುದಿ ಮುಟ್ಟಿತು. ಕರ್ನಾಟಕದ ಕಾಡುಬೇಟೆಗೆ ಅದು ಒಗ್ಗಲಿಲ್ಲ. ಒಗ್ಗಬಹುದಾಗಿದ್ದ ಜಾಗವೆಂದರೆ ಬಯಲುಸೀಮೆ, ಅದರಲ್ಲೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹುಲ್ಲುಗಾವಲು.

ಗುಂಡಿನ ಚಲನಶಕ್ತಿ ಅದರ ತೂಕದ ಅನುಪಾತದಲ್ಲಿ ಏರುತ್ತದೆ, ವೇಗದ ವರ್ಗದ ಅನುಪಾತದಲ್ಲಿ ಏರುತ್ತದೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ. ವೇಗ ಇಮ್ಮಡಿಯಾದರೆ ನಾಲ್ಮಡಿ. ಆದರೆ ಬೇಟೆಗಾರನಿಗೆ ಇದಕ್ಕಿಂತ ಮುಖ್ಯವಾದ ಲಾಭ ಬೇರೆಯದು. ಸೆಕೆಂಡಿಗೆ 580 ಮೀಟರ್ ವೇಗದ ಗುಂಡು 200 ಮೀಟರ್ ಸಾಗುವಷ್ಟರಲ್ಲಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, 58 ಸೆಂ.ಮೀ. ಕೆಳಗಿಳಿಯುತ್ತದೆ. 914 ಮೀಟರ್ ವೇಗದ್ದು ಇಳಿಯುವುದು 23 ಸೆಂ.ಮೀ. ಮಾತ್ರ. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಈಡು ತಪ್ಪುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹಗುರ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೆ ಸರಿಯುತ್ತದೆ, ಮೂಳೆಗೆ ಬಡಿದರೆ ಒಳಹೋಗದೆ ಮೇಲೆಯೇ ಪುಡಿಯಾಗುವುದುಂಟು.

ಕರಿಮದ್ದಿನ ಕಾಲದಲ್ಲಿ ವೇಗ ಹೆಚ್ಚಿಸುವುದಕ್ಕೆ ಮಿತಿಯಿತ್ತು. ಬಲ ಬೇಕೆಂದರೆ ಗುಂಡು ದೊಡ್ಡದಾಗಬೇಕು. ಬೋರಿನ ಲೆಕ್ಕವೇ ಅದನ್ನು ಹೇಳುತ್ತದೆ: ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಗುಂಡು ಆಗುತ್ತವೋ ಅಷ್ಟು ಬೋರು. ಎಂಟು ಬೋರಿನ ಗುಂಡು 57 ಗ್ರಾಂ, ನಾಲ್ಕು ಬೋರಿನದು 113 ಗ್ರಾಂ. 1873-74ರಲ್ಲಿ ಚಾಮರಾಜನಗರದ ಕಡೆ ಮೈಸೂರು ಸರ್ಕಾರಕ್ಕಾಗಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆ, ಕಾಟಿಗಳಿಗೆ ಹಿಡಿದದ್ದು ಇಂಥ ಕೋವಿಗಳನ್ನೇ. ಹತ್ತಾರು ಗಜದಲ್ಲಿ ಎದುರಾಗುವ ಪ್ರಾಣಿಗೆ ಗುಂಡಿನ ಇಳಿತ ಲೆಕ್ಕಕ್ಕೇ ಬಾರದು.

ಮೊದಲ ಬದಲಾವಣೆ 1856ರಲ್ಲಿ ಬಂತು. ಲಂಡನ್ನಿನ ಜೇಮ್ಸ್ ಪರ್ಡಿ, ಅಳತೆಗೆ ಹಗುರಾದ ಗುಂಡಿನ ಹಿಂದೆ ಮಿಗಿಲಾಗಿ ಮದ್ದು ತುಂಬಿದ ರೈಫಲ್ ಮಾಡಿ, ಅದಕ್ಕೆ ರೈಲಿನ ಹೆಸರಿಟ್ಟ. ಅದರಿಂದ ‘ಎಕ್ಸ್‌ಪ್ರೆಸ್’ ಎಂಬ ಮಾತು ರೂಢಿಯಾಯಿತು. .450 ಎಕ್ಸ್‌ಪ್ರೆಸ್ಸಿನ ವೇಗ ಸೆಕೆಂಡಿಗೆ 580 ಮೀಟರಿನ ಸುಮಾರು. ಗುಂಡಿನ ತೂಕ ಕಳೆಯಲು ಮುಂದೆ ಟೊಳ್ಳು ಮಾಡುತ್ತಿದ್ದರು. ಅದೇ ಅದರ ದೌರ್ಬಲ್ಯವೂ ಆಯಿತು. ಸಿಲೋನಿನಲ್ಲಿ, ಆಫ್ರಿಕದಲ್ಲಿ ಬೇಟೆಯಾಡಿದ ಸ್ಯಾಮ್ಯುಯಲ್ ಬೇಕರ್ 1890ರ ತನ್ನ ಪುಸ್ತಕದಲ್ಲಿ ಈ ಟೊಳ್ಳು ಗುಂಡುಗಳನ್ನು ಕಟುವಾಗಿ ಟೀಕಿಸಿ, ಗಟ್ಟಿ ಸೀಸವೇ ಸರಿ ಎಂದ. ಮುಂದಿನ ನೂರು ವರ್ಷದ ಜಗಳವೆಲ್ಲ ಈ ಟೀಕೆಯ ಸುತ್ತಲೇ ನಡೆಯಿತೆನ್ನಬಹುದು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. ಅದರ ವೇಗಕ್ಕೆ ಬರಿ ಸೀಸ ನಳಿಗೆಯ ತಿರುವಿನಲ್ಲಿ ಸವೆದು ಮೆತ್ತಿಕೊಳ್ಳುತ್ತದೆ. ಅದಕ್ಕೆ ಉತ್ತರವಾಗಿ ಸ್ವಿಟ್ಜರ್ಲೆಂಡಿನ ಎಡುವರ್ಡ್ ರೂಬಿನ್ ತಾಮ್ರದ ಹೊದಿಕೆಯ ಗುಂಡನ್ನು ಆಗಲೇ ರೂಪಿಸಿದ್ದ. ಹೊದಿಕೆ ಗುಂಡು ಪ್ರಾಣಿಯಲ್ಲಿ ಅರಳದೆ ನೇರವಾಗಿ ಹಾದುಹೋಗುವುದು ಹೊಸ ತೊಡಕಾಯಿತು. ಕಲ್ಕತ್ತೆ ಬಳಿಯ ದಮ್ ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತುದಿಯ ಹೊದಿಕೆ ತೆಗೆದ ಗುಂಡು ತಯಾರಾಯಿತು. 1899ರ ಹೇಗ್ ಘೋಷಣೆ ಇಂಥದ್ದನ್ನು ಯುದ್ಧದಲ್ಲಿ ನಿಷೇಧಿಸಿತು. ಮನುಷ್ಯನ ಮೇಲೆ ಹಾರಿಸಬಾರದೆಂದ ಗುಂಡೇ ಬೇಟೆಯಲ್ಲಿ ಯೋಗ್ಯವಾದದ್ದೆನಿಸಿಕೊಂಡಿತು: ಬೇಗ ಸಾಯಿಸುತ್ತದೆ, ಗಾಯಗೊಂಡು ಓಡಿ ನರಳುವುದು ತಪ್ಪುತ್ತದೆ ಎಂಬ ಕಾರಣಕ್ಕೆ.

ಹಗುರ ಗುಂಡಿಗೆ ದೊಡ್ಡ ತಳ್ಳು ಕೊಟ್ಟದ್ದು ಬೇಟೆಗಾರರಲ್ಲ, ಸೈನ್ಯಗಳು. 1905ರಲ್ಲಿ ಜರ್ಮನಿ 14.7 ಗ್ರಾಮಿನ ಮೊಂಡು ಗುಂಡನ್ನು ಬಿಟ್ಟು 10 ಗ್ರಾಮಿನ ಚೂಪು ಗುಂಡಿಗೆ ಬಂದಿತು. ವೇಗ ಸೆಕೆಂಡಿಗೆ 640 ಮೀಟರಿನ ಆಸುಪಾಸಿನಿಂದ 880ರ ಹತ್ತಿರಕ್ಕೆ ಏರಿತು. ಮರುವರ್ಷ ಅಮೆರಿಕ, 1910ರಲ್ಲಿ ಬ್ರಿಟನ್ ಇದೇ ದಾರಿ ಹಿಡಿದವು. ರೈಫಲ್ ತಯಾರಕರು ಹಿಂದೆ ಬೀಳಲಿಲ್ಲ. 1907ರಲ್ಲಿ .280 ರಾಸ್, 1912ರಲ್ಲಿ ಚಾರ್ಲ್ಸ್ ನ್ಯೂಟನ್ ರೂಪಿಸಿದ .22 ಸ್ಯಾವೇಜ್ ಹೈ-ಪವರ್ (4.5 ಗ್ರಾಂ), 1915ರಲ್ಲಿ 5.6 ಗ್ರಾಮಿನ ಗುಂಡನ್ನು ಸೆಕೆಂಡಿಗೆ 3,000 ಅಡಿ, ಅಂದರೆ 914 ಮೀಟರ್ ವೇಗದಲ್ಲಿ ಹಾರಿಸುವ .250-3000 ಸ್ಯಾವೇಜ್. 1935ರಲ್ಲಿ ವಿಂಚೆಸ್ಟರ್ ಕಂಪನಿ ಹೊರತಂದ .220 ಸ್ವಿಫ್ಟ್ 3.1 ಗ್ರಾಮಿನ ಗುಂಡನ್ನು ಸೆಕೆಂಡಿಗೆ 1,250 ಮೀಟರ್ ವೇಗಕ್ಕೆ ಏರಿಸಿತು. ಅದರ ನಳಿಗೆ ಬೇಗ ಸವೆಯುತ್ತದೆಂಬ ದೂರೂ ಜೊತೆಗೇ ಹುಟ್ಟಿತು.

ಈ ವೇಗ ತಲೆಗೇರಿತ್ತು ಎನ್ನಲು ಅಡ್ಡಿಯಿಲ್ಲ. ಹ್ಯಾರಿ ಕಾಲ್ಡ್‌ವೆಲ್ ಎಂಬ ಅಮೆರಿಕದ ಪಾದ್ರಿ ಚೀನಾದಲ್ಲಿ .22 ಸ್ಯಾವೇಜಿನಿಂದ ಹುಲಿ ಹೊಡೆದ; ತಯಾರಕರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. 1911ರಲ್ಲಿ ಪೂರ್ವ ಆಫ್ರಿಕದಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿಯ ತಮ್ಮ ಜಾರ್ಜ್ ಗ್ರೇ, ಮೇಲೆರಗಿ ಬಂದ ಸಿಂಹಕ್ಕೆ .280 ರಾಸ್‌ನಿಂದ ಹೊಡೆದ. ಗುಂಡು ತಾಗಿತು, ಸಿಂಹ ನಿಲ್ಲಲಿಲ್ಲ. ಗ್ರೇ ಗಾಯಗಳಿಂದ ಸತ್ತ. ದೂರದ ಜಿಂಕೆಗೆ ಹೇಳಿ ಮಾಡಿಸಿದ ಗುಂಡನ್ನು ಹತ್ತಿರದ ಸಿಂಹಕ್ಕೆ ಬಳಸಿದ ಫಲವೆಂದೇ ಬೇಟೆಗಾರರು ಇದನ್ನು ಓದಿಕೊಂಡರು.

ಮೈಸೂರಿನ ಕಾಡುಗಳಲ್ಲಿ ಈ ಪಾಠ ಹೇಳಿಕೊಡಬೇಕಾಗಿರಲಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ನೆಚ್ಚಿದ್ದ .405 ವಿಂಚೆಸ್ಟರಿನ ಗುಂಡು 19 ಗ್ರಾಮಿಗೂ ಮಿಗಿಲು, ವೇಗ ಸೆಕೆಂಡಿಗೆ 670 ಮೀಟರ್. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದ ಕನ್ನಡಿಗರಿಗೆ ಆಂಡರ್ಸನ್ ಹೊಸಬರಲ್ಲ. ಲಂಟಾನ ಪೊದೆಯಲ್ಲಿ ಇಪ್ಪತ್ತು ಗಜದಲ್ಲಿ ಕಾಣುವ ನರಭಕ್ಷಕಕ್ಕೆ ಅಂಥದ್ದೇ ಸರಿ. ಕೊಡಗಿನಲ್ಲಿ ಕೊಡವರಿಗೆ 1861ರಿಂದ ಕೋವಿ ಪರವಾನಗಿಯಿಂದ ವಿನಾಯಿತಿ ಇದ್ದರೂ, ಅಲ್ಲಿಯ ದಟ್ಟ ಕಾಡಿನ ಹಂದಿಬೇಟೆ ತೋಟಾ ಕೋವಿಯ ಕೆಲಸ. ರೈಫಲಿನ ವೇಗ ಅಲ್ಲಿ ವ್ಯರ್ಥ.

ಚಳ್ಳಕೆರೆ ಸೀಮೆಯ ನೆಲವೇ ಬೇರೆ. ದೊಡ್ಡಉಳ್ಳಾರ್ತಿ, ಕುದಾಪುರದ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಕುರುಚಲು, ಹುಲ್ಲು, ಅಲ್ಲಲ್ಲಿ ಜಾಲಿ ಬಿಟ್ಟರೆ ಮರೆಯೇ ಇಲ್ಲ. ಮಳೆ ರಾಜ್ಯದಲ್ಲೇ ಅತಿ ಕಡಿಮೆ ಬೀಳುವ ಕಡೆಗಳಲ್ಲಿ ಇದೊಂದು. ಇಲ್ಲಿಯ ಪ್ರಾಣಿ ಕೃಷ್ಣಮೃಗ: ಗಂಡು ಹುಲ್ಲೆಯ ತೂಕ 40 ಕಿಲೋಗ್ರಾಮಿನ ಆಸುಪಾಸು, ಓಟ ಗಂಟೆಗೆ 80 ಕಿ.ಮೀ. ಆ ಓಟದಲ್ಲಿ ಅದು, ಎಕ್ಸ್‌ಪ್ರೆಸ್ ಗುಂಡು 200 ಮೀಟರ್ ದಾಟುವಷ್ಟರಲ್ಲಿ, ಏಳು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. 914 ಮೀಟರ್ ವೇಗದ ಗುಂಡಾದರೆ ಐದು ಮೀಟರಿನೊಳಗೆ. ತೆಳು ಮೈಯ, ದೂರ ನಿಲ್ಲುವ ಇಂಥ ಪ್ರಾಣಿಗೆಂದೇ ಇಂಗ್ಲಿಷ್ ತಯಾರಕರು .275 ರಿಗ್ಬಿಯ 9 ಗ್ರಾಮಿನ ಗುಂಡು, 1920ರ ಸುಮಾರಿನ ಹಾಲೆಂಡ್ ಅಂಡ್ ಹಾಲೆಂಡಿನ .240 ಅಪೆಕ್ಸ್ ಮೊದಲಾದವನ್ನು ಮಾರಿದರು. ಬಯಲಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಕುರಿಮಂದೆಯೊಂದಿಗೆ ದಿನವಿಡೀ ಬಯಲಲ್ಲೇ ಇರುವ ಕುರಿಗಾಹಿಗಳ ಸೀಮೆಯಿದು. ಗುರಿ ತಪ್ಪಿದ ಭಾರದ ರೈಫಲ್ ಗುಂಡು ನೆಲಕ್ಕೆ ಬಡಿದು ಚಿಮ್ಮಿ ಬಲು ದೂರ ಹೋಗಬಲ್ಲದು. ತೆಳು ಹೊದಿಕೆಯ ಹಗುರ ಗುಂಡು ಸಾಮಾನ್ಯವಾಗಿ ನೆಲ ಮುಟ್ಟಿದಲ್ಲೇ ಛಿದ್ರವಾಗುತ್ತದೆ.

ಆದರೂ ಇಂಥ ರೈಫಲ್ ಇಲ್ಲಿಯವರ ಕೈಗೆ ಬರುವಂಥದ್ದಾಗಿರಲಿಲ್ಲ. ಈ ಸೀಮೆಯ ಬೇಟೆಯ ಪರಂಪರೆ ಮ್ಯಾಸಬೇಡರದು. ಅವರ ಸಾಧನ ಬಲೆ, ಈಟಿ, ನಾಯಿ, ಮುಂದೆ ಕೇಪಿನ ಕೋವಿ. ವಿಲಾಯಿತಿ ರೈಫಲ್ ಸಾಹೇಬರ, ಅರಸುಮನೆಯವರ ಸೊತ್ತು. 1878ರ ಶಸ್ತ್ರ ಕಾಯಿದೆ ಪರವಾನಗಿ ಬಿಗಿಗೊಳಿಸಿತು. ಆಮದಾದ ಗುಂಡು ಬಂಡುಕೋರರ ಕೈಯ ಹಳೆಯ ಸೈನಿಕ ರೈಫಲುಗಳಲ್ಲಿ ಬಳಕೆಯಾದೀತೆಂಬ ಭಯದಿಂದ 1907ರಲ್ಲಿ ಬ್ರಿಟಿಷ್ ಭಾರತ .450 ಅಳತೆಯ ಆಮದನ್ನೇ ತಡೆಯಿತು, ತಯಾರಕರು .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದ್ದು ಇದಕ್ಕಾಗಿಯೇ. ಭಾರತದಲ್ಲಿ ಯಾವ ಗುಂಡು ಹಾರಬೇಕೆಂಬುದನ್ನು ಪ್ರಾಣಿಯ ಮೈಕಟ್ಟಿಗಿಂತ ಸರ್ಕಾರದ ಭಯವೇ ಹೆಚ್ಚಾಗಿ ತೀರ್ಮಾನಿಸಿದೆ.

ಅಮೆರಿಕದಲ್ಲಿ ಹಗುರ-ಭಾರದ ವಾದ ಮುಂದುವರಿಯಿತು. 1925ರ .270 ವಿಂಚೆಸ್ಟರಿನ 8.4 ಗ್ರಾಮಿನ ಗುಂಡನ್ನು ಬೇಟೆ ಲೇಖಕ ಜ್ಯಾಕ್ ಒ’ಕಾನರ್ ಕೊಂಡಾಡಿದ. ಭಾರದ ಗುಂಡಿನ ಪಕ್ಷ ಇನ್ನೊಬ್ಬ ಲೇಖಕ ಎಲ್ಮರ್ ಕೀತ್‌ನದು. 1945ರಲ್ಲಿ ರೈಫಲ್ ತಯಾರಕ ರಾಯ್ ವೆದರ್ಬಿ ವೇಗವನ್ನೇ ವ್ಯಾಪಾರ ಮಾಡಿಕೊಂಡ. ಜಗಳವನ್ನು ನಿಜಕ್ಕೂ ತಣಿಸಿದ್ದು ಗುಂಡಿನ ಒಳರಚನೆ. 1940ರ ದಶಕದ ಕೊನೆಗೆ ಜಾನ್ ನಾಸ್ಲರ್ ನಡುವೆ ಅಡ್ಡಗೋಡೆಯಿರುವ ಗುಂಡು ಮಾಡಿದ: ಮುಂಭಾಗ ಅರಳುತ್ತದೆ, ಹಿಂಭಾಗ ಇಡಿಯಾಗಿ ಒಳಹೋಗುತ್ತದೆ. 1980ರ ದಶಕದ ಕೊನೆಯಲ್ಲಿ ಸೀಸವೇ ಇಲ್ಲದ ತಾಮ್ರದ ಗುಂಡುಗಳು ಬಂದವು. ತಾಮ್ರ ಸೀಸಕ್ಕಿಂತ ಐದನೆಯ ಒಂದು ಪಾಲು ಹಗುರ. ಅದೇ ಉದ್ದದ ಗುಂಡು ತಾನಾಗಿಯೇ ಹಗುರವಾಗುತ್ತದೆ, ಒಡೆಯುವುದೂ ಇಲ್ಲ. ಸೀಸದ ಚೂರು ತಿಂದು ರಣಹದ್ದುಗಳು ಸಾಯುವುದನ್ನು ತಡೆಯಲು ಕ್ಯಾಲಿಫೋರ್ನಿಯ 2019ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿದ ಮೇಲೆ ಇವುಗಳ ಬಳಕೆ ಹೆಚ್ಚಿದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಗೆ ಸೇರಿಸಿ ಮೋಜಿನ ಬೇಟೆಗೆ ತೆರೆ ಎಳೆಯಿತು. ದೊಡ್ಡಉಳ್ಳಾರ್ತಿ, ಕುದಾಪುರದ ಕಾವಲುಗಳ ದೊಡ್ಡ ಭಾಗ ಈಗ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. 1959ರ ಶಸ್ತ್ರ ಕಾಯಿದೆ ಬೆಳೆ ಕಾಯುವ ರೈತನಿಗೆ ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ರೈಫಲ್ ಪರವಾನಗಿ ಇದ್ದವರಿಗೆ ಇಛಾಪುರದ ಸರ್ಕಾರಿ ಕಾರ್ಖಾನೆಯ .315 ಸುಲಭಕ್ಕೆ ಸಿಗುತ್ತದೆ. 19ನೆಯ ಶತಮಾನದ ಆಸ್ಟ್ರಿಯನ್ ತೋಟಾದ ಅಳತೆಯದು ಅದು. ಗುಂಡಿನ ತೂಕ ಸುಮಾರು 15.8 ಗ್ರಾಂ.