ಬೆನ್ನ ಹಿಂದಿನ ಗಾಳಿಗೊಂದು ಕೋಲು

ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಹಾಯಿದೋಣಿಯವನಿಗೆ ಇನ್ನೇನು ಬೇಕು ಎಂದು ದಡದಲ್ಲಿ ನಿಂತವರಿಗೆ ಅನ್ನಿಸುವುದು ಸಹಜ. ದೋಣಿಯೊಳಗಿದ್ದವನ ಪಾಡೇ ಬೇರೆ. ಹಿಂದಿರುವ ದೊಡ್ಡ ಹಾಯಿ ಗಾಳಿಯನ್ನೆಲ್ಲ ತಾನೇ ಹಿಡಿದು ಮುಂದಿನ ಚಿಕ್ಕ ಹಾಯಿಗೆ ಮರೆಯಾಗುತ್ತದೆ. ಗಾಳಿ ಸಿಗದ ಚಿಕ್ಕ ಹಾಯಿ, ದೋಣಿ ಹೊಯ್ದಾಡಿದಂತೆಲ್ಲ ಒಮ್ಮೆ ಉಬ್ಬಿ ಒಮ್ಮೆ ಜೋತುಬಿದ್ದು ಪಟಪಟನೆ ಬಡಿದುಕೊಳ್ಳುತ್ತದೆ. ದೋಣಿ ತುಸು ದಾರಿ ತಪ್ಪಿದರೂ ದೊಡ್ಡ ಹಾಯಿ ತನ್ನ ಕೆಳಗಿನ ಅಡ್ಡಮರದ ಸಮೇತ ಒಂದು ಮಗ್ಗುಲಿಂದ ಇನ್ನೊಂದಕ್ಕೆ ರಪ್ಪನೆ ಬೀಸಬಹುದು. ನಡುವೆ ಯಾರದಾದರೂ ತಲೆ ಸಿಕ್ಕಿದರೆ ಮುಗಿಯಿತು.

ಮೊದಲ ತೊಡಕಿಗೆ ನಾವಿಕರು ಕಂಡುಕೊಂಡ ಉಪಾಯ ಒಂದು ಕೋಲು. ಅದರ ಒಂದು ತುದಿ ಹಾಯಿಕಂಬಕ್ಕೆ, ಇನ್ನೊಂದು ಮುಂದಿನ ಹಾಯಿಯ ಕೆಳಮೂಲೆಗೆ. ದೊಡ್ಡ ಹಾಯಿ ಎಡಕ್ಕಿದ್ದರೆ ಚಿಕ್ಕದನ್ನು ಬಲಕ್ಕೆ ದೂಡಿ ಹಿಡಿದರಾಯಿತು. ದೋಣಿ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಸಾಗುತ್ತದೆ. ಇಂಗ್ಲಿಷರ ಬಾಯಲ್ಲಿ ಇದು ‘ವಿಸ್ಕರ್ ಪೋಲ್’, ಅಂದರೆ ಮೀಸೆಗೋಲು.

ಒಂಟಿಯಾಗಿ ಸಾಗರ ದಾಟುವವನಿಗೆ ಇಷ್ಟೇ ಸಾಲದು. ಅವನು ನಿದ್ರಿಸಬೇಕು, ನಿದ್ರಿಸಿದರೆ ಚುಕ್ಕಾಣಿ ಹಿಡಿಯುವವರು ಯಾರು? ಜೋಶುವಾ ಸ್ಲೋಕಮ್ 1897ರಲ್ಲಿ ಹಿಂದೂ ಮಹಾಸಾಗರದಲ್ಲಿ 2,700 ಮೈಲು ದೂರವನ್ನು 23 ದಿನಗಳಲ್ಲಿ, ಚುಕ್ಕಾಣಿಯನ್ನು ಹೆಚ್ಚುಕಡಿಮೆ ಮುಟ್ಟದೆಯೇ ಕ್ರಮಿಸಿದ. ಅದು ಅವನ ‘ಸ್ಪ್ರೇ’ ದೋಣಿಯ ವಿಶೇಷ ಗುಣ. ಎಲ್ಲ ದೋಣಿಗಳೂ ಅಷ್ಟು ಸಾಧುವಲ್ಲ.

ಫ್ರಾನ್ಸಿನ ಕಡಲ ಚಿತ್ರಕಾರ ಮರಾಂ ಮರಿ 1933ರಲ್ಲಿ ದುವಾರ್ನನೆಯಿಂದ ನ್ಯೂಯಾರ್ಕಿಗೆ ಒಬ್ಬನೇ ಹೊರಟಾಗ ನೆಚ್ಚಿಕೊಂಡದ್ದು ಜೋಡಿ ಕೋಲುಗಳನ್ನು. ವಾಣಿಜ್ಯ ಮಾರುತ ಹಿಂದಿನಿಂದ ಹದವಾಗಿ ಬೀಸುವ ಕಡೆ ದೊಡ್ಡ ಹಾಯಿಯನ್ನೇ ಇಳಿಸಿ, ಮುಂದೆ ಎರಡು ಹಾಯಿಗಳನ್ನು ಎಡಬಲಕ್ಕೆ ಕೋಲು ಕೊಟ್ಟು ಬಿಚ್ಚುವುದು. ಅವುಗಳ ಹಗ್ಗಗಳನ್ನು ಹಿಂದಕ್ಕೆ ತಂದು ಚುಕ್ಕಾಣಿಗೆ ಕಟ್ಟುವುದು. ದೋಣಿ ಓರೆಯಾದರೆ ಗಾಳಿ ಒಂದು ಹಾಯಿಯನ್ನು ಹೆಚ್ಚು ಒತ್ತುತ್ತದೆ, ಆ ಹಗ್ಗ ಬಿಗಿದು ಚುಕ್ಕಾಣಿಯನ್ನೆಳೆಯುತ್ತದೆ, ದೋಣಿ ನೆಟ್ಟಗಾಗುತ್ತದೆ. ತಪ್ಪು ಮಾಡಿಸಿದ ಗಾಳಿಯಿಂದಲೇ ತಪ್ಪು ತಿದ್ದಿಸುವ ಜಾಣತನ! ತಲೆಗೆ ಬಡಿಯುವ ಅಡ್ಡಮರದ ಭಯವೂ ಇಲ್ಲ. ಆದರೆ ದೊಡ್ಡ ಹಾಯಿಯ ಆಸರೆಯಿಲ್ಲದ ದೋಣಿ ತೊಟ್ಟಿಲಿನಂತೆ ತೂಗುತ್ತಿತ್ತು. ನಿದ್ರೆಗೆ ಬಿಡುವು ಸಿಕ್ಕಿತೇ ಹೊರತು ಸುಖನಿದ್ರೆಯಲ್ಲ.

ಗಾಳಿ ಪಕ್ಕಕ್ಕೆ ಸರಿದರೆ ಈ ಏರ್ಪಾಡು ಕೆಲಸಕ್ಕೆ ಬಾರದು. 1960ರಲ್ಲಿ ಪ್ಲಿಮತ್ತಿನಿಂದ ನ್ಯೂಯಾರ್ಕಿಗೆ ಒಂಟಿ ನಾವಿಕರ ಪಂದ್ಯ ನಡೆದಾಗ, ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ ದೋಣಿಯ ಹಿಂಬದಿಯಲ್ಲಿ ಗಾಳಿಪಟ್ಟಿಯೊಂದನ್ನು ನಿಲ್ಲಿಸಿದ್ದ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ಚುಕ್ಕಾಣಿಯನ್ನು ನಡೆಸಬಲ್ಲದು. ಅಂಥ ಸಾಧನಗಳು ಬಳಕೆಗೆ ಬಂದಂತೆ ಜೋಡಿ ಹಾಯಿಯ ಚುಕ್ಕಾಣಿ ಹಿಂದೆ ಸರಿಯಿತು. ಕೋಲು ಮಾತ್ರ ಮರ ಬಿಟ್ಟು ಅಲ್ಯೂಮಿನಿಯಂ, ಕಾರ್ಬನ್ ನಾರಿನ ರೂಪ ತಳೆದು, ಇಂದಿಗೂ ಮುಂದಿನ ಹಾಯಿಯನ್ನು ಗಾಳಿಗೊಡ್ಡಿ ಹಿಡಿಯುತ್ತಿದೆ.